ಕಪ್ಪುಕಣ್ಣಿನ ಬಟಾಣಿಗೆ ಕಾವಲು

ಎಲ್ಸಿ ಹೆಪಲ್ ಯಾರಿಗೂ ಹಸಿ ಬಟಾಣಿ ಕೊಟ್ಟವಳಲ್ಲ. ಕೊಡುವುದಿದ್ದರೆ ಬೇಯಿಸಿ, ಉಪ್ಪು ಹಾಕಿ, ಮೇಲೆ ಒಂದಿಷ್ಟು ಬೆಣ್ಣೆ ಬಿಟ್ಟು, ಬಟ್ಟಲಿಗೆ ತಟ್ಟೆ ಮುಚ್ಚಿ ಕೊಡುತ್ತಿದ್ದಳು. ಬಾಣಂತಿಯ ಮನೆಗೂ ಅದೇ, ಕಾಲು ಮುರಿದುಕೊಂಡವನಿಗೂ ಅದೇ, ಸಾವಾದ ಮನೆಗೂ ಅದೇ. ಹೊಸದಾಗಿ ಬಂದವರು ಎಂಥ ಧಾರಾಳದ ಹೆಂಗಸು ಎಂದುಕೊಳ್ಳುತ್ತಿದ್ದರು. ಮೂರ್‌ಲಾ ಎಂಬ ಈ ಊರಿನ ಹಳಬರಾದ ನಮಗೆ ಗುಟ್ಟು ಗೊತ್ತಿತ್ತು. ಬೆಂದ ಕಾಳು ಮೊಳೆಯುವುದಿಲ್ಲ.

ಆ ಬಟಾಣಿ ಅವಳ ಅಪ್ಪನದು. ಅವನು ನಮ್ಮ ಕಲ್ಲಿದ್ದಲ ಗಣಿಯಲ್ಲಿ, ಸಮುದ್ರದ ತಳಕ್ಕೂ ಕೆಳಗೆ ಹೋಗುವ ಸುರಂಗದಲ್ಲಿ ದುಡಿದವನು. ಮೇಲೆ ಬಂದರೆ ಮೊದಲು ತೋಟ, ಆಮೇಲೆ ಊಟ. ಬೀಜ ಅವನಿಗೆ ಎಲ್ಲಿಂದ ಬಂತೆಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ; ನಮ್ಮಲ್ಲಿ ಬೀಜದ ಊರು ಕೇಳುವುದು ಹೆಂಗಸಿನ ವಯಸ್ಸು ಕೇಳಿದ ಹಾಗೆ. ಬಳ್ಳಿ ಆಳೆತ್ತರ ಏರುತ್ತಿತ್ತು. ಕಾಯಿ ಉದ್ದ, ತುದಿಯಲ್ಲಿ ಕುಡುಗೋಲಿನಷ್ಟು ಬಾಗು. ಒಣಗಿದ ಕಾಳಿನಲ್ಲಿ, ಸಿಪ್ಪೆಗೆ ಅಂಟಿಕೊಂಡಿದ್ದ ಜಾಗಕ್ಕೆ ಕಾಡಿಗೆ ಇಟ್ಟಂತೆ ಒಂದು ಕಪ್ಪು ಬೊಟ್ಟು. ಅದಕ್ಕೇ ಕಪ್ಪುಕಣ್ಣು ಎಂದು ಹೆಸರು. ಪ್ರಪಂಚದಲ್ಲಿ ಬೇರೆಲ್ಲೂ ಈ ತಳಿ ಇಲ್ಲವೆಂದು ಎಲ್ಸಿ ನಂಬಿದ್ದಳು. ಇದ್ದರೂ ಇರಬಹುದು. ನಾನಂತೂ ಕಂಡಿಲ್ಲ.

ಅಪ್ಪ ಈರುಳ್ಳಿ ಜಾತಿಯ ಲೀಕ್ ಗೆಡ್ಡೆಗಳನ್ನೂ ಬೆಳೆಯುತ್ತಿದ್ದ, ತೋಳಿನಷ್ಟು ದಪ್ಪದವು. ಎಲ್ಸಿ ಪುಟ್ಟ ಹುಡುಗಿಯಾಗಿದ್ದಾಗ, ಊರಿನ ತರಕಾರಿ ಪ್ರದರ್ಶನದ ದಿನ ಬೆಳಗ್ಗೆ ಹೋಗಿ ನೋಡಿದರೆ ಯಾರೋ ಅಷ್ಟಕ್ಕೂ ಚಾಕು ಹಾಕಿ ಸೀಳಿದ್ದರು. ಅವನು ಮತ್ತೆಂದೂ ಲೀಕ್ ನೆಡಲಿಲ್ಲ. ಮಾಡಿದವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಒಬ್ಬನ ಮೇಲೆ ಮಾತ್ರ ಸಿಟ್ಟಿರುತ್ತಿತ್ತು. ತಿಳಿಯದ್ದರಿಂದ ಇಡೀ ಊರಿನ ಮೇಲೆ ಅನುಮಾನ ಉಳಿಯಿತು. "ಯಾರು ಅಂತ ಗೊತ್ತಾಗೋತನಕ ಎಲ್ಲಾರೂ ಅವನೇ," ಎಂದು ಅಪ್ಪ ಹೇಳುತ್ತಿದ್ದನಂತೆ. ಮಗಳು ಬೈಬಲಿನ ಮಾತುಗಳನ್ನು ಮರೆತರೂ ಇದನ್ನು ಮರೆಯಲಿಲ್ಲ.

ಅವಳು ಗಣಿಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ನಾವು ಪಾಳಿ ಮುಗಿಸಿ ಕಪ್ಪು ಮುಖ ಹೊತ್ತು ಹೋದರೆ ತಟ್ಟೆ ನೀಡುತ್ತಾ ಒಬ್ಬೊಬ್ಬನ ಮುಖವನ್ನೂ ದಿಟ್ಟಿಸುತ್ತಿದ್ದಳು, ಲೀಕ್ ಸೀಳಿದವನು ಇವನ ಅಪ್ಪನೇ ಇರಬಹುದೇ ಎಂಬಂತೆ. ಹ್ಯಾರಿ ಹೆಪಲ್ ಅವಳನ್ನು ಮದುವೆಯಾದ. ಒಳ್ಳೆಯ ಮನುಷ್ಯ, ಗುದ್ದಲಿ ಹಿಡಿದರೆ ನೆಲಕ್ಕೇ ಸಂತೋಷ. ಅವನಿಗೂ ಬೀಜದ ಡಬ್ಬಿ ಎಲ್ಲಿದೆಯೆಂದು ಎಲ್ಸಿ ಹೇಳಿರಲಿಲ್ಲ. ಅವನು ಸತ್ತ ಮೇಲೆ, ಕುರ್ಚಿಯ ಮೆತ್ತೆಯೊಳಗೆ ಹೊಲಿದಿಟ್ಟಿದ್ದಳೆಂದು ಅವಳ ಬಾಯಿಂದಲೇ ಕೇಳಿದೆ. ಹ್ಯಾರಿ ಮೂವತ್ತು ವರ್ಷ ಅದರ ಮೇಲೆಯೇ ಕೂತಿದ್ದ.

ಆದರೆ ಬಟಾಣಿ ಬೆಳೆಯುವುದರಲ್ಲಿ ಅವಳಿಗೆ ಸಮನಿಲ್ಲ. ಇದನ್ನು ಅವಳ ಹಗೆಯೂ ಒಪ್ಪುತ್ತಿದ್ದ. ಬಟಾಣಿಗೆ ತಲೆ ಬಿಸಿಲಲ್ಲಿರಬೇಕು, ಕಾಲು ತಂಪಿನಲ್ಲಿರಬೇಕು. ಬೇರು ಕಾದರೆ ಹೂ ಉದುರುತ್ತದೆ, ಕಾಯಿ ಜೊಳ್ಳಾಗುತ್ತದೆ. ಅದಕ್ಕೆ ನೆಲಕ್ಕೆ ಹೊದಿಕೆ ಬೇಕು. ಹೊದಿಕೆ ಎಲ್ಲರೂ ಹಾಕುತ್ತಾರೆ, ಹಾಕುವ ಹೊತ್ತು ಎಲ್ಲರಿಗೂ ತಿಳಿಯದು. ಎಲ್ಸಿ ಸಸಿ ಗೇಣುದ್ದ ಬೆಳೆಯುವ ತನಕ ಕಾಯುತ್ತಿದ್ದಳು. ಒಳ್ಳೆಯ ಮಳೆ ಬಿದ್ದು ನೆಲ ಆಳದವರೆಗೆ ನೆನೆದ ಮೇಲೆ, ಮಾರನೆಯ ದಿನ ಹೊದಿಸುತ್ತಿದ್ದಳು. ಒಣನೆಲಕ್ಕೆ ಹೊದಿಸಿದರೆ ಬಾಯಾರಿಕೆಯನ್ನೇ ಮುಚ್ಚಿಟ್ಟಂತೆ. ಹಸಿ ಹುಲ್ಲನ್ನು ಒಂದೇ ಸಲ ದಪ್ಪಗೆ ಸುರಿದರೆ ಬಿಸಿಯಾಗಿ ಲೋಳೆಗಟ್ಟುತ್ತದೆ. ಅವಳು ಒಂದು ದಿನ ಬಾಡಿಸಿ, ಬೆರಳ ದಪ್ಪ ಹರಡಿ, ಅದು ಕಂದಿದ ಮೇಲೆ ಇನ್ನೊಂದು ಪದರ ಹಾಕುತ್ತಿದ್ದಳು. ದಂಟಿಗೆ ತಾಗಿಸುತ್ತಿರಲಿಲ್ಲ. ಬಳ್ಳಿಯ ಸುತ್ತ ಒಂದು ಉಂಗುರದಷ್ಟು ಬರಿ ನೆಲ ಬಿಡುತ್ತಿದ್ದಳು, ಇಲ್ಲದಿದ್ದರೆ ಬಸವನಹುಳ ಅಲ್ಲೇ ಸಂಸಾರ ಹೂಡುತ್ತದೆ.

ಹುಲ್ಲೂ ಎಂಥದ್ದು! ಮೂರ್‌ಲಾದ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಆಟದ ಹಾಸಿನದು. ಗಣಿ ಮುಚ್ಚಿತು, ಕ್ಯಾಂಟೀನು ಮುಚ್ಚಿತು, ಎರಡು ಅಂಗಡಿ ಮುಚ್ಚಿದವು; ಆ ಹುಲ್ಲುಹಾಸು ಮಾತ್ರ ಮದುವೆಮನೆಯ ಮೇಜಿನ ಬಟ್ಟೆಯಂತೆ ಉಳಿದಿತ್ತು. ಬೂಟು ಹಾಕಿಕೊಂಡು ಅದರ ಮೇಲೆ ಕಾಲಿಟ್ಟವನಿಗೆ ಊರಿನಲ್ಲಿ ಹೆಣ್ಣು ಸಿಗುತ್ತಿರಲಿಲ್ಲ. ಕತ್ತರಿಸಿದ ಹುಲ್ಲು ರೇಷ್ಮೆಯಂತೆ, ಒಂದು ಕಳೆಬೀಜ ಇಲ್ಲ. ಹಾಸನ್ನು ನೋಡಿಕೊಳ್ಳುವ ಸಿರಿಲ್ ಡಾಡ್ಸ್ ಅದನ್ನು ಎಲ್ಸಿಗೆ ಮಾತ್ರ ಕೊಡುತ್ತಿದ್ದ. ಅವಳ ಶುಂಠಿ ಕೇಕಿನ ಮೇಲೆ ಅವನಿಗೆ ಆಸೆ. ಉಳಿದ ತೋಟದವರಿಗೆ ಹೊಟ್ಟೆಕಿಚ್ಚು, ನನಗೂ ಇತ್ತು.

ಇನ್ನು ಆಂಬ್ರೋಸ್ ರಟರ್. ಗಣಿಯವರಿಗೆ ಹಂಚಿದ ತೋಟದ ತುಂಡುಗಳಲ್ಲಿ ಎಲ್ಸಿಯ ಪಕ್ಕದ್ದು ಅವನದು, ನಡುವೆ ಹಳೆಯ ಬಾಗಿಲುಗಳನ್ನು ನಿಲ್ಲಿಸಿ ಮಾಡಿದ ಬೇಲಿ. ಮದುವೆಯಾಗದ ಮನುಷ್ಯ, ಮಾತು ಕಡಿಮೆ. ಆಳುಗಳನ್ನು ಹೊತ್ತ ಗಣಿಯ ಪಂಜರವನ್ನು ಇಳಿಸಿ ಏರಿಸುವ ಯಂತ್ರದಲ್ಲಿದ್ದವನು. ನಮ್ಮೆಲ್ಲರ ಜೀವ ಅವನ ಒಂದು ಕೈಯ ಹಿಡಿಯಲ್ಲಿತ್ತು. ಪ್ರತಿ ಆಗಸ್ಟಿನ ಪ್ರದರ್ಶನದಲ್ಲೂ ಬಟಾಣಿಗೆ ಎರಡನೆಯ ಬಹುಮಾನ ಅವನಿಗೆ, ಮೊದಲನೆಯದು ಎಲ್ಸಿಗೆ. ಇಷ್ಟು ವರ್ಷ ಎರಡನೆಯವನಾಗಿಯೇ ಉಳಿದವನು ಸುಮ್ಮನಿರುತ್ತಾನೆಯೇ ಎಂಬುದು ಎಲ್ಸಿಯ ತರ್ಕ. ಅವನ ತುಂಡಿನ ಮೂಲೆಯಲ್ಲಿ ಬೀಚ್ ಎಂಬ ಜಾತಿಯ ಒಂದು ದೊಡ್ಡ ಮರ. ಎಲೆಗಳು ಅರ್ಧ ಅವನ ಕಡೆ, ಅರ್ಧ ಅವಳ ಕಡೆ ಉದುರುತ್ತಿದ್ದವು. ಹ್ಯಾರಿ ಬದುಕಿದ್ದಾಗ ತಮ್ಮ ಕಡೆಯವನ್ನು ಗುಡಿಸಿ ತಂತಿಯ ಪಂಜರದಲ್ಲಿ ಕೊಳೆಹಾಕಿದ್ದ. ಅದು ಕಪ್ಪು ಪುಡಿಯಾಗಿ, ಕೈಯಲ್ಲಿ ಹಿಡಿದರೆ ಕಾಡಿನ ವಾಸನೆ ಬರುತ್ತಿತ್ತು.

ಕೆಲವು ವರ್ಷಗಳಿಂದ ರಟರ್‌ನ ನಡತೆ ಬದಲಾಗಿತ್ತು. ಇದು ನನಗೂ ಕಂಡಿತ್ತು. ಮನೆಯ ಹಿತ್ತಲಿನ ಗೋಡೆಗೆ ಉದ್ದಕ್ಕೂ ಗೋಣಿ ಕಟ್ಟಿದ್ದ. ಬಾಗಿಲು ತಟ್ಟಿದರೆ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದ. ಎಲ್ಸಿ ಬೇಲಿಯ ಬಳಿ ಬಂದರೆ ಶೆಡ್ಡಿನೊಳಗೆ ಸರಿಯುತ್ತಿದ್ದ.

"ಅರ್ನಿ, ಅವನೇನೋ ಮುಚ್ಚಿಡ್ತಾ ಅವ್ನೆ," ಎಂದು ಅವಳು ನನಗೆ ಹೇಳುತ್ತಿದ್ದಳು. ನಾನು ತೋಟದ ಸಂಘದ ಕಾರ್ಯದರ್ಶಿ. ದೂರುಗಳೆಲ್ಲ ನನ್ನ ಕಿವಿಗೇ.

"ಮುದುಕ ಕಣೇ. ಒಗೆದ ಚಡ್ಡಿ ಒಣಗಿಸ್ತಾನೇನೋ."

"ಚಡ್ಡಿಗೆ ಗೋಣಿ ಕಟ್ತಾರಾ? ಅಂಥಾ ಚಡ್ಡಿ ನಾನಂತೂ ನೋಡಿಲ್ಲ."

ನಾನು ಹೇಳಹೊರಟ ಬೇಸಿಗೆಯ ಹಿಂದಿನ ವರ್ಷ ಮಳೆ ಬಿಡದೆ ಹೊಡೆದಿತ್ತು. ಬೀಜಕ್ಕೆ ಬಿಟ್ಟ ಕಾಯಿಗಳು ಬಳ್ಳಿಯಲ್ಲೇ ಬೂಷ್ಟು ಹಿಡಿದವು. ಎಲ್ಸಿಗೆ ಸಿಕ್ಕಿದ್ದು ಒಂದು ಹಿಡಿ ಒಳ್ಳೆಯ ಕಾಳು. ಹಳೆಯ ಕಾಳು ಸ್ವಲ್ಪ ಉಳಿದಿದ್ದನ್ನು ಒದ್ದೆ ಬಟ್ಟೆಯಲ್ಲಿ ಇಟ್ಟು ನೋಡಿದಳು, ಒಂದೂ ಕಣ್ಣು ಬಿಡಲಿಲ್ಲ. ಅರ್ಧ ಬಿತ್ತಿ ಅರ್ಧ ಇಟ್ಟುಕೊಳ್ಳುವುದು ಅವಳ ಅಪ್ಪನ ಪದ್ಧತಿ. ಆದರೆ ಹಿಡಿಯಲ್ಲಿ ಅರ್ಧವೆಂದರೆ ಪಾರಿವಾಳದ ಒಂದು ಹೊತ್ತಿನ ಊಟ. ಮಾರ್ಚ್ ಕೊನೆಯಲ್ಲಿ ಅವಳು ಅಷ್ಟನ್ನೂ ಬಿತ್ತಿದಳು. ಡಬ್ಬಿ ಖಾಲಿಯಾಯಿತು. ಕಪ್ಪುಕಣ್ಣಿನ ವಂಶ ಪೂರ್ತಿ ಆ ಒಂದು ಸಾಲಿನಲ್ಲಿ ನಿಂತಿತು.

ಅಂದಿನಿಂದ ಅವಳ ಕಾವಲು ನೋಡಬೇಕಿತ್ತು. ಹಾದಿಗೆ ಒಲೆಯ ಬೂದಿ ಚೆಲ್ಲಿ, ಬೆಳಗ್ಗೆ ಬಂದು ಹೆಜ್ಜೆ ಹುಡುಕುತ್ತಿದ್ದಳು. ಗೇಟಿಗೆ ಕಪ್ಪು ದಾರ ಕಟ್ಟುತ್ತಿದ್ದಳು. ಒಂದು ದಿನ ದಾರ ಹರಿದಿತ್ತು. ಬೂದಿಯಲ್ಲಿ ಮುಳ್ಳುಹಂದಿಯ ಹೆಜ್ಜೆ. "ರಟರ್ ಸಾಕಿರ್ಬೇಕು ಅದನ್ನ," ಎಂದಳು. ನಗಲಿಲ್ಲ.

ಸಸಿ ಚೆನ್ನಾಗಿ ಬಂದವು. ಮೇ ತಿಂಗಳಲ್ಲಿ ಮಳೆ ಬಂತು, ಸಿರಿಲ್ ಹುಲ್ಲು ಕೊಟ್ಟ, ಎಲ್ಸಿ ಹೊದಿಸಿದಳು. ಸಾಲಿನ ಕೊನೆಗೆ, ರಟರ್‌ನ ಬೇಲಿಯ ಪಕ್ಕಕ್ಕೆ ಬರುವಷ್ಟರಲ್ಲಿ ಹುಲ್ಲು ಮುಗಿಯಿತು. ಅಲ್ಲಿಗೆ ಹ್ಯಾರಿಯ ಪಂಜರದಿಂದ ಎಲೆಗೊಬ್ಬರ ತೆಗೆದು ಹಾಕಿದಳು.

ಬಿಸಿಲು ಬಲಿಯುತ್ತಿದ್ದಂತೆ ಚಿಗುರುಗಳು ಮುದುಡತೊಡಗಿದವು. ಬಾಡಿದ್ದಲ್ಲ, ಗಿಡದ ಹೇನಿನ ಹಾವಳಿಯೂ ಅಲ್ಲ. ಎಲೆಗಳು ಬಟ್ಟಲಂತೆ ಒಳಕ್ಕೆ ಬಾಗಿ, ತುದಿ ಜರೀಗಿಡದ ಎಳೆಚಿಗುರಿನಂತೆ ಸುರುಳಿ ಸುತ್ತಿ, ದಂಟು ಊದಿಕೊಂಡು ತಿರುಚಿತ್ತು. ಸಾಲಿನ ಉದ್ದಕ್ಕೂ ಹಾಗೇ. ಬೇಲಿಯ ಪಕ್ಕದ ಕೊನೆಯ ಕೆಲವು ಗಿಡಗಳು ಮಾತ್ರ ಏನೂ ಆಗದಂತೆ ಕೋಲು ಹಿಡಿದು ಏರುತ್ತಿದ್ದವು.

ನನ್ನನ್ನು ಕರೆದು ತೋರಿಸಿದಳು. ನಾನು ಮಂಡಿಯೂರಿ ನೋಡಿದೆ. ಇಷ್ಟು ವರ್ಷ ಮಣ್ಣು ಮುಟ್ಟಿದವನು ನಾನು, ಇಂಥದ್ದು ಕಂಡಿರಲಿಲ್ಲ.

"ಇದು ಕಳೆ ಸಾಯಿಸೋ ಔಷಧಿ ಹೊಡೆದ ಗುರುತು," ಎಂದೆ.

"ಹೊಡೆದೋನು ಯಾರು ಅಂತ ಕೇಳು."

"ರಟರ್ ಅಂತೀಯಾ? ಅವನು ಬೇಲಿ ಮೇಲಿಂದ ಹೊಡೆದಿದ್ರೆ ಬೇಲಿ ಹತ್ರದ್ದೇ ಮೊದಲು ಸಾಯ್ಬೇಕಲ್ಲ? ಅದೇ ಚೆನ್ನಾಗೈತೆ."

ಅವಳು ನನ್ನನ್ನು ಮರುಕದಿಂದ ನೋಡಿದಳು. "ಅರ್ನಿ, ನೀನು ಒಳ್ಳೆಯವನು, ಅದಕ್ಕೇ ನಿಂಗೆ ಗೊತ್ತಾಗಲ್ಲ. ಅವನ ಹತ್ರದ್ದು ಸತ್ರೆ ಎಲ್ಲಾರೂ ಅವನ್ನೇ ಹಿಡೀತಾರೆ. ಅದಕ್ಕೇ ಅದೊಂದನ್ನ ಬಿಟ್ಟವ್ನೆ. ಯಂತ್ರ ನಡೆಸ್ದೋನು, ಲೆಕ್ಕ ಹಾಕ್ದೆ ಮಾಡ್ತಾನಾ?"

ಅನುಮಾನಕ್ಕೆ ಬಾಯಿ ಎರಡು. ಹೌದೆಂದರೂ ತಿನ್ನುತ್ತದೆ, ಅಲ್ಲವೆಂದರೂ ತಿನ್ನುತ್ತದೆ. ನಾನು ಎದ್ದು ಮಂಡಿ ಒರೆಸಿಕೊಂಡೆ.

ಮುಂದಿನದನ್ನು ಅವಳು ಯಾರನ್ನೂ ಕೇಳದೆ ಮಾಡಿದಳು. ಉಳಿದ ಆ ಕೆಲವು ಗಿಡಗಳ ಮೇಲೆಯೇ ಈಗ ವಂಶ ನಿಂತಿತ್ತು. ಅವುಗಳ ಬುಡದಲ್ಲಿದ್ದದ್ದು ಬೀಚ್ ಎಲೆ. ಬೀಚ್ ಮರ ಯಾರದು? ರಟರ್‌ನದು. ಈ ಯೋಚನೆ ಬಂದದ್ದೇ ತಡ, ಎಲೆಗೊಬ್ಬರವನ್ನೆಲ್ಲ ಕೈಯಿಂದ ಕೆರೆದು, ಬಕೆಟ್ಟಿಗೆ ತುಂಬಿ, ಬೇಲಿಯ ಆಚೆ ರಟರ್‌ನ ಹಾದಿಗೆ ಸುರಿದಳು. ನೆಲ ಬರಿದಾಗಿ ಕಾಯಬಾರದಲ್ಲ? ಸಿರಿಲ್‌ನಿಂದ ಹೊಸ ಹುಲ್ಲು ತಂದು, ಎಂದಿಗಿಂತ ದಪ್ಪಗೆ, ಎಂದಿಗಿಂತ ಹತ್ತಿರಕ್ಕೆ ಒತ್ತಿ ಹೊದಿಸಿದಳು. ಕಾಯಿಲೆಯ ಕೂಸಿಗೆ ಕಂಬಳಿ ಹೊದಿಸಿದ ಹಾಗೆ. ಅಂದು ಸಂಜೆ ಸಣ್ಣ ಮಳೆಯೂ ಬಂತು. ದೇವರು ತನ್ನ ಕಡೆ ಎಂದುಕೊಂಡಳು.

ಮುಂದಿನ ವಾರ ಕಳೆಯುವ ಮೊದಲೇ ಆ ಗಿಡಗಳೂ ಸುರುಳಿ ಸುತ್ತಿಕೊಂಡವು.

ಎಲ್ಸಿ ಅಳಲಿಲ್ಲ. ಅಳುವವಳೂ ಅಲ್ಲ. ನೇರ ನನ್ನ ಮನೆಗೆ ಬಂದು ಸಂಘದ ಸಭೆ ಕರೆಯಬೇಕೆಂದಳು. ತೋಟದ ಗುಡಿಸಲಿನಲ್ಲಿ ಸೇರಿದೆವು. ಯಾರೋ ಚಹಾ ಮಾಡಿದರು, ಅವಳು ತನ್ನ ಲೋಟವನ್ನು ಮೂಸಿ ನೋಡಿ ಕೆಳಗಿಟ್ಟಳು. ರಟರ್ ಟೋಪಿ ತೆಗೆಯದೆ ಮೂಲೆಯಲ್ಲಿ ಕೂತಿದ್ದ.

"ಇವನ ತುಂಡು ಕಿತ್ಕೋಬೇಕು," ಎಂದಳು.

"ಸಾಕ್ಷಿ ಏನೈತೆ?" ಎಂದ ರಟರ್.

"ನಿನ್ನ ಮುಖ."

"ಈ ಮುಖ ಹುಟ್ಟಿದಾಗಿಂದ ಹಿಂಗೇ ಐತೆ. ಬೇಕಾದ್ರೆ ನಮ್ಮವ್ವನ್ನ ಕೇಳು."

"ಸ್ಮಶಾನಕ್ಕೆ ಹೋಗಿ ಕೇಳ್ಲಾ?"

"ಹೋಗು. ನಿನ್ನ ಮಾತು ತಡ್ಕೊಳೋರು ಅಲ್ಲೇ ಇರೋದು."

ಯಾರೋ ಕಿಸಕ್ಕೆಂದರು. ಎಲ್ಸಿ ತಿರುಗಿ ನೋಡಿದಳು, ನಗು ನಿಂತಿತು. "ಸರಿ. ಹಂಗಾದ್ರೆ ಒಂದು ಮಾಡ್ಲಿ. ಇವನ ಹಿತ್ತಲು ತೋರಿಸ್ಲಿ. ಗೋಣಿ ಹಿಂದೆ ಏನಿಟ್ಟವ್ನೆ ನಾವೆಲ್ಲಾ ನೋಡಾಣ. ಔಷಧಿ ಡಬ್ಬ ಇಲ್ದೇ ಹೋದ್ರೆ ಇಲ್ಲೇ ಮಂಡಿಯೂರಿ ಕ್ಷಮೆ ಕೇಳ್ತೀನಿ."

ನ್ಯಾಯವಾದ ಮಾತು ಅನ್ನಿಸಿತು. ಎಲ್ಲರೂ ರಟರ್ ಕಡೆ ನೋಡಿದೆವು. ಅವನ ಕಿವಿ ಕೆಂಪಗಾಯಿತು.

"ಹಿತ್ತಲು ನನ್ ಮನೇದು, ಸಂಘದ್ದಲ್ಲ," ಎಂದ.

"ತೋರಿಸಿಬಿಡು ಮಾರಾಯ, ಮುಗೀತದೆ," ಎಂದೆ ನಾನು.

"ತೋರ್ಸಲ್ಲ."

ಆ ಒಂದು ಮಾತಿನಿಂದ ಸಭೆ ಅವನ ಕೈ ಬಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನನ್ನು ಯಾರು ನಂಬುತ್ತಾರೆ? ಪ್ರದರ್ಶನದ ದಿನದೊಳಗೆ ಹಿತ್ತಲು ತೋರಿಸದಿದ್ದರೆ ತುಂಡು ಬಿಟ್ಟುಕೊಡಬೇಕೆಂದು ತೀರ್ಮಾನವಾಯಿತು. ಅವನು ಎದ್ದು, ಬಾಗಿಲು ತಾಗದಂತೆ ಮೆಲ್ಲನೆ ಮುಚ್ಚಿ ಹೋದ. ನಲವತ್ತು ವರ್ಷ ಅಗೆದ ನೆಲ. ಆಮೇಲೂ ಅವನು ದಿನಾ ಬಂದು ಕಳೆ ಕೀಳುತ್ತಿದ್ದ, ತನ್ನದಲ್ಲದ ಮನೆಯನ್ನು ಗುಡಿಸುವವನಂತೆ.

ಒಂದು ಶನಿವಾರ ಎಲ್ಸಿ ಸಿರಿಲ್‌ಗೆ ಶುಂಠಿ ಕೇಕ್ ತಂದಳು. ಬೆಳೆ ಸತ್ತರೂ ಕೊಟ್ಟ ಹುಲ್ಲಿಗೆ ಋಣ ಇಟ್ಟುಕೊಳ್ಳುವವಳಲ್ಲ. ನಾನು ಆಟದ ಹಾಸಿನ ಬೆಂಚಿನ ಮೇಲೆ ಕೂತಿದ್ದೆ. ಸಿರಿಲ್ ಹುಲ್ಲನ್ನು ಮೊಮ್ಮಗನಂತೆ ತೋರಿಸುತ್ತಿದ್ದ.

"ನೋಡು ಎಲ್ಸಿ, ಹೋದ ವರ್ಷ ಆ ಮೂಲೇಲಿ ಕ್ಲೋವರ್ ಕಳೆ ಎಷ್ಟಿತ್ತು, ಜ್ಞಾಪಕ ಐತಾ? ಈಗ ಒಂದು ಮೂರೆಲೆ ಹುಡುಕಿ ತೋರ್ಸು. ಕೇಕ್ ನಿಂಗೇ ವಾಪಸ್ ಕೊಡ್ತೀನಿ."

"ಕಿತ್ತು ಹಾಕ್ದಾ?"

"ಕೀಳೋಕೆ ನನ್ನ ಸೊಂಟ ಎಲ್ಲೈತೆ. ಏಪ್ರಿಲ್‌ನಲ್ಲಿ ಹೊರಗಿನೋರು ಬಂದು ಔಷಧಿ ಹೊಡೆದು ಹೋದ್ರು. ಒಳ್ಳೆ ಮಾಲು. ಹುಲ್ಲಿಗೆ ಏನೂ ಆಗಲ್ಲ. ಕ್ಲೋವರ್ ಮಾತ್ರ ಹಿಂಗೆ ಸುರುಟ್ಕೊಂಡು ಸುರುಟ್ಕೊಂಡು ಹೋಯ್ತು." ಅವನು ಬೆರಳನ್ನು ಅಂಗೈಯೊಳಕ್ಕೆ ಮಡಚಿ ತೋರಿಸಿದ.

ಎಲ್ಸಿಯ ಕೈಯಲ್ಲಿ ಕೇಕಿನ ತಟ್ಟೆ ಇತ್ತು. ಅವಳು ಅವನ ಬೆರಳನ್ನೇ ನೋಡುತ್ತಾ ನಿಂತಳು. ಕ್ಲೋವರೂ ಬಟಾಣಿಯೂ ಒಂದೇ ಬಳಗ; ಒಂದನ್ನು ಸುರುಟಿಸುವ ಔಷಧಿ ಹುಲ್ಲಿನಲ್ಲಿ ಉಳಿದು ಇನ್ನೊಂದನ್ನೂ ಸುರುಟಿಸುತ್ತದೆ. ತೋಟ ಮಾಡಿದ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಡೀ ಊರು ಚಪ್ಪಲಿ ಬಿಟ್ಟು ನಡೆಯುವ ಹುಲ್ಲಿನ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಅವಳಿಗೂ ಬಂದಿರಲಿಲ್ಲ. ಜೀವನದಲ್ಲಿ ಅವಳು ಅನುಮಾನಿಸದೆ ಬಿಟ್ಟದ್ದು ಅದೊಂದನ್ನೇ.

"ಹೊಡೆದ ಮೇಲೆ ಹುಲ್ಲು ಯಾರಿಗೂ ಕೊಡಬಾರ್ದು ಅಂತ ಏನಾದ್ರೂ ಹೇಳಿದ್ರಾ?" ಎಂದಳು ಮೆಲ್ಲಗೆ.

ಸಿರಿಲ್ ಟೋಪಿ ಸರಿಸಿ ತಲೆ ಕೆರೆದ. "ಏನೋ ಹೇಳಿದ್ರು. ಮೋಟಾರ್ ಸದ್ದಿತ್ತು, ಕೇಳಿಸ್ಲಿಲ್ಲ. ಯಾಕೆ?"

ಎಲ್ಸಿ ತಿರುಗಿ ಹೊರಟಳು. ಕೇಕನ್ನೂ ತೆಗೆದುಕೊಂಡು ಹೋದಳು.

ಮಾತು ಕೇಳಿದ್ದಕ್ಕೇ ನಂಬುವ ಹೆಂಗಸೇ ಅವಳು? ಸಿರಿಲ್ ಸುಳ್ಳು ಹೇಳಿರಬಹುದು. ಸಿರಿಲ್‌ಗೂ ರಟರ್‌ಗೂ ಒಳಗೊಳಗೇ ಒಪ್ಪಂದವಾಗಿರಬಹುದು. ಅವಳು ಅಂಗಡಿಯಿಂದ ಬಟಾಣಿಯ ಬಳಗದ್ದೇ ಆದ ಬೀನ್ಸ್ ಬೀಜದ ಹೊಸ ಪೊಟ್ಟಣ ತಂದಳು, ಅದೂ ಬಸ್ಸು ಹತ್ತಿ ಬೇರೆ ಊರಿನ ಅಂಗಡಿಯಿಂದ. ಅಡುಗೆಮನೆಯ ಕಿಟಕಿಯಲ್ಲಿ ಕುಂಡಗಳನ್ನಿಟ್ಟಳು. ಒಂದಕ್ಕೆ ಬರಿ ಮಣ್ಣು, ಒಂದಕ್ಕೆ ಮೇಲೆ ಆ ಹುಲ್ಲು, ಇನ್ನೊಂದಕ್ಕೆ ಪಂಜರದಲ್ಲಿ ಉಳಿದಿದ್ದ ಬೀಚ್ ಎಲೆ. ಕಿಟಕಿಯ ಚಿಲಕಕ್ಕೆ ದಾರ ಕಟ್ಟಿದಳು. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದರೆ ಹೊಸ್ತಿಲಿನಲ್ಲೇ ಕೊಟ್ಟು ಕಳಿಸಿದಳು.

ಬರಿ ಮಣ್ಣಿನ ಬೀನ್ಸ್ ನೆಟ್ಟಗೆ ಬಂತು. ಎಲೆಯದು ಇನ್ನೂ ನೆಟ್ಟಗೆ, ಇನ್ನೂ ಹಸಿರಾಗಿ ಬಂತು. ಹುಲ್ಲಿನದು ಎರಡೆಲೆ ಬಿಟ್ಟು, ಮುಷ್ಟಿ ಮಡಚಿದಂತೆ ಮುದುಡಿಕೊಂಡಿತು.

ಒಂದು ಮಧ್ಯಾಹ್ನ ಅವಳು ಆ ಮೂರು ಕುಂಡಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ನನ್ನ ಗೇಟಿನ ಮುಂದೆ ನಿಂತಿದ್ದಳು.

"ಅರ್ನಿ, ಬಾ. ಸಾಕ್ಷಿ ಬೇಕು."

"ಯಾವುದಕ್ಕೆ?"

"ರಟರ್‌ಗೆ ನಾನು ಹೇಳ್ದೆ ಅನ್ನೋದಕ್ಕೆ. ನಾಳೆ ಅವನು, ಅವಳು ಕ್ಷಮೆ ಕೇಳ್ಲೇ ಇಲ್ಲ ಅಂದ್ರೆ ನಾನೇನು ಮಾಡ್ಲಿ?"

ರಟರ್ ಈರುಳ್ಳಿ ಮಡಿಯಲ್ಲಿದ್ದ. ಅವಳನ್ನು ಕಂಡು ಶೆಡ್ಡಿನ ಕಡೆ ಸರಿಯಲು ನೋಡಿದ. "ನಿಲ್ಲು," ಎಂದಳು. ಕುಂಡಗಳನ್ನು ಸಾಲಾಗಿ ಅವನ ಹಾದಿಯಲ್ಲಿಟ್ಟಳು. "ಹುಲ್ಲು. ನೀನಲ್ಲ. ಹುಲ್ಲು, ಅದನ್ನ ಹಾಕ್ದೋಳು ನಾನು. ಒಳ್ಳೆ ಎಲೆಗೊಬ್ಬರ ತೆಗೆದು ನಾನೇ ಹಾಕ್ದೆ." ಆಮೇಲೆ ನಿಧಾನವಾಗಿ, ಕೋಲನ್ನು ನೆಲಕ್ಕೂರಿ, ಮಂಡಿ ಬಗ್ಗಿಸತೊಡಗಿದಳು.

"ಏಳು ಏಳು," ಎಂದ ರಟರ್ ಗಾಬರಿಯಿಂದ. "ಕೂತ್ರೆ ನಿನ್ನ ಎಬ್ಬಿಸೋರು ಯಾರು. ಅರ್ನಿಗೆ ಸೊಂಟ ಇಲ್ಲ."

"ಹೇಳಿದ್ದೆ, ಮಾಡ್ತೀನಿ."

"ಔಷಧಿ ಡಬ್ಬ ಇಲ್ದಿದ್ರೆ ಅಂದಿದ್ದೆ. ಹಿತ್ತಲು ನೋಡಿಲ್ವಲ್ಲ ನೀನು ಇನ್ನೂ."

ಅವಳು ಅರ್ಧ ಬಗ್ಗಿದವಳು ಹಾಗೇ ನಿಂತಳು. ಕಣ್ಣು ಕಿರಿದಾಯಿತು. ರಟರ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಬೀಜ ಒಂದೂ ಉಳೀಲಿಲ್ವಾ?" ಎಂದು ಕೇಳಿದ.

"ಒಂದೂ."

"ಹಂಗಾದ್ರೆ ಬನ್ನಿ."

ಅವನ ಮನೆ ತೋಟದ ಹಿಂದಿನ ಬೀದಿಯಲ್ಲೇ. ಅಡುಗೆಮನೆ ದಾಟಿ ಹಿತ್ತಲ ಬಾಗಿಲು ತೆಗೆದ. ಗೋಣಿಯ ಹಿಂದೆ, ಬಿಸಿಲು ಬೀಳುವ ಗೋಡೆಗೆ ಒರಗಿ, ಆಳೆತ್ತರದ ಬಟಾಣಿ ಬಳ್ಳಿಗಳಿದ್ದವು. ಬುಡದಲ್ಲಿ ಕಪ್ಪು ಎಲೆಗೊಬ್ಬರ, ದಂಟಿನ ಸುತ್ತ ಉಂಗುರದಷ್ಟು ಬರಿ ನೆಲ. ಕೆಳಗಿನ ಕಾಯಿಗಳು ಆಗಲೇ ಒಣಗಿ ಕಂದಿದ್ದವು. ತುದಿಯಲ್ಲಿ ಕುಡುಗೋಲಿನ ಬಾಗು.

ಎಲ್ಸಿ ಒಂದು ಒಣಕಾಯಿ ಕಿತ್ತು ಅಂಗೈಯಲ್ಲಿ ಒಡೆದಳು. ಕಾಡಿಗೆಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಕಳ್ಳ," ಎಂದಳು. ಧ್ವನಿ ಏರಲಿಲ್ಲ.

"ನಾನು ಕದೀಲಿಲ್ಲ. ಇಲಿ ಕದೀತು," ಎಂದ ರಟರ್. "ಶೆಡ್ಡಲ್ಲಿ ನನ್ನ ಹಳೇ ಗಣಿ ಬೂಟು ಇತ್ತು. ಒಂದು ಚಳಿಗಾಲ ಹಾಕ್ಕೊಳಕ್ ಹೋದ್ರೆ ಒಳಗೆ ಕಾಲು ಇಳೀಲಿಲ್ಲ. ಬೋರಲು ಹಾಕ್ದೆ, ಬಟಾಣಿ ಸುರೀತು. ನೀನು ಶೆಡ್ಡಲ್ಲಿ ಒಣಗೋಕೆ ಹಾಕಿದ್ದನ್ನ ಇಲಿ ಬೇಲಿ ಕೆಳಗೆ ಹೊತ್ಕೊಂಡು ಬಂದಿತ್ತು. ಕಣ್ಣು ನೋಡಿದ ಕೂಡ್ಲೇ ಗೊತ್ತಾಯ್ತು ಯಾರದ್ದು ಅಂತ."

"ಗೊತ್ತಾದ ಮೇಲೆ ತಂದು ಕೊಡ್ಬೇಕಿತ್ತು."

"ತಂದಿದ್ರೆ ನಂಬ್ತಿದ್ದಾ?"

"ಇಲಿ ನಿಂಗೆ ಕೊಡ್ತಾ?" ಎಂದಳು.

"ಅದನ್ನೂ ಕೇಳ್ಲಿಲ್ಲ."

"ಪ್ರದರ್ಶನದಲ್ಲಿ ಇಟ್ಟು ನನ್ನ ಸೋಲಿಸೋಕೆ ಬೆಳೆಸ್ದಾ?"

"ಇಟ್ಟಿದ್ರೆ ನೀನು ಮೇಜಿನ ಮೇಲೇ ನನ್ನ ಕುಯ್ತಿದ್ದೆ. ಇಲ್ಲ." ರಟರ್ ಗೋಡೆ ನೋಡುತ್ತಾ ಹೇಳಿದ. "ನಮ್ಮವ್ವ ಸತ್ತಾಗ ಕೊಟ್ಟೆ, ನಂಗೆ ಜ್ವರ ಬಂದಾಗ ಕೊಟ್ಟೆ. ಎಲ್ಲಾ ಸಲ ಬೇಯಿಸಿದ್ದೇ. ಬೆಂದಿದ್ದೇ ಇಷ್ಟು ರುಚಿ ಅಂದ್ರೆ ಬಳ್ಳಿಯಿಂದ ಕಿತ್ತು ಹಸೀದು ತಿಂದ್ರೆ ಹೆಂಗಿರ್ತದೆ ಅಂತ ಬಹಳ ವರ್ಷ ಯೋಚಿಸ್ತಿದ್ದೆ."

"ಹೆಂಗಿತ್ತು?"

"ಒಳ್ಳೇದಿತ್ತು. ಹೆದರ್ಕೊಂಡು ತಿಂದಿದ್ದಕ್ಕೆ ಪೂರ್ತಿ ಗೊತ್ತಾಗ್ಲಿಲ್ಲ."

ಎಲ್ಸಿ ಬಗ್ಗಿ ಬುಡದ ಗೊಬ್ಬರ ಒಂದು ಹಿಡಿ ತೆಗೆದು ಮೂಸಿದಳು. "ಇದು ಹ್ಯಾರಿದು."

"ನೀನೇ ನನ್ ಹಾದಿಗೆ ಸುರಿದೆಯಲ್ಲ. ಅಂಥಾ ಗೊಬ್ಬರ ತುಳಿದು ಹಾಳು ಮಾಡಕ್ಕಾಗುತ್ತಾ? ಬಾಚಿ ತಂದು ಹಾಕ್ದೆ."

ಅವಳು ಆ ಹಿಡಿಯನ್ನು ಬಳ್ಳಿಯ ಬುಡಕ್ಕೇ ಮತ್ತೆ ಉದುರಿಸಿ, ಬೆರಳಿನಿಂದ ಸಮ ಮಾಡಿದಳು. ಎದ್ದಾಗ ಮಾತ್ರ ಹಳೆಯ ಎಲ್ಸಿಯೇ.

"ಎಲ್ಲಾ ಕಾಯಿ ನಂಗೆ ಬೇಕು."

"ಅರ್ಧ."

"ಎಲ್ಲಾ."

"ಎಲ್ಸಿ, ನಾನು ಇದನ್ನ ಈ ಗೋಣಿ ಹಿಂದೆ ಅದೆಷ್ಟು ಕಷ್ಟಪಟ್ಟು—"

"ಎಲ್ಲಾ, ರಟರ್. ಒಂದು ಕಾಳು ನಿನ್ನ ಹತ್ರ ಉಳಿದ್ರೂ ನಂಗೆ ನಿದ್ದೆ ಬರಲ್ಲ. ನಿಂಗೇ ಗೊತ್ತು."

ರಟರ್ ನನ್ನ ಕಡೆ ನೋಡಿದ. ನಾನು ಗೋಣಿಯ ಕಡೆ ನೋಡಿದೆ. ಅವನು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಬುಟ್ಟಿ ತಂದ. ಕಾಯಿ ಪೂರ್ತಿ ಒಣಗುವ ತನಕ ಅವಳು ದಿನಾ ಬೆಳಗ್ಗೆ ಅವನ ಹಿತ್ತಲಿಗೆ ಬಂದು ನೋಡಿ ಹೋಗುವುದೆಂದು ಒಪ್ಪಂದವಾಯಿತು. ಬಂದಾಗಲೆಲ್ಲ ಅವನು ಚಹಾ ಕೊಟ್ಟ. ಅವಳು ಕುಡಿದಳು, ಮೂಸಿ ನೋಡಿದ ಮೇಲೆ. ಬುಟ್ಟಿ ತುಂಬಿದಾಗಲೂ ಒಂದಿಷ್ಟು ಕಾಳನ್ನು ಕಿಟಕಿಯ ಕುಂಡದಲ್ಲಿ ಬಿತ್ತಿ, ಮೊಳೆತವೆಂದು ಕಣ್ಣಾರೆ ಕಂಡ ಮೇಲೆಯೇ ಡಬ್ಬಿಗೆ ಹಾಕಿದಳು. "ಅವನು ಬೇಯಿಸಿ ಒಣಗಿಸಿಟ್ಟಿದ್ರೆ?" ಎಂದಳು ನನಗೆ. ಸಂಘದಲ್ಲಿ ರಟರ್‌ನ ತುಂಡಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ವರ್ಷ ಪ್ರದರ್ಶನದಲ್ಲಿ ಬಟಾಣಿಯ ಮೊದಲ ಬಹುಮಾನ ರಟರ್‌ನ ಮಾಮೂಲಿ ಬಟಾಣಿಗೆ ಬಂತು. ಎಲ್ಸಿ ಅವನ ತಟ್ಟೆಯ ಮುಂದೆ ಬಹಳ ಹೊತ್ತು ನಿಂತು, ಕಾಯಿ ಮುಟ್ಟದೆ ಬಗ್ಗಿ ನೋಡಿ, "ತೊಟ್ಟು ಗಿಡ್ಡ," ಎಂದು ಹೇಳಿ ಹ್ಯಾಟು ಸರಿಮಾಡಿಕೊಂಡು ಹೋದಳು. ಸಿರಿಲ್ ಹುಲ್ಲನ್ನು ಈಗ ಯಾರಿಗೂ ಕೊಡುವುದಿಲ್ಲ. ಮೂರ್‌ಲಾದಲ್ಲಿ ಹೊರಗಿನಿಂದ ಹುಲ್ಲು, ಹೊಟ್ಟು, ಗೊಬ್ಬರ ಏನೇ ಬಂದರೂ ಮೊದಲು ಕುಂಡದಲ್ಲಿ ಬೀನ್ಸ್ ಇಟ್ಟು ನೋಡುವುದು ವಾಡಿಕೆಯಾಯಿತು. ನಾನೂ ನೋಡುತ್ತೇನೆ.

ಮರುವರ್ಷ ಬೀಚ್ ಎಲೆಯ ಹೊದಿಕೆಯಲ್ಲಿ ಕಪ್ಪುಕಣ್ಣು ಹಿಂದೆಂದೂ ಕಾಣದಂತೆ ಬಂತು. ಜುಲೈ ತಿಂಗಳ ಒಂದು ಬೆಳಗ್ಗೆ ನಾನು ನಲ್ಲಿಯ ಬಳಿ ಇದ್ದೆ. ಎಲ್ಸಿ ಒಂದು ತಟ್ಟೆ ಹಿಡಿದು ಬೇಲಿಯ ಹತ್ತಿರ ಬಂದಳು. ತಟ್ಟೆಯಲ್ಲಿ ಬೆಣ್ಣೆ ಇರಲಿಲ್ಲ, ಹಬೆ ಇರಲಿಲ್ಲ. ಹಸಿ ಕಾಯಿಗಳು, ಸಿಪ್ಪೆಯ ಮೇಲಿನ ಮಂಜಿನಂಥ ಬಿಳಿಹುಡಿ ಕೂಡ ಅಳಿಸದಂತೆ ತೊಟ್ಟು ಹಿಡಿದು ಕಿತ್ತವು.

"ತಗೋ ರಟರ್. ಈ ಸಲ ಹೆದರ್ಕೊಳ್ದೆ ತಿನ್ನು."

ರಟರ್ ಟೋಪಿ ತೆಗೆದ. ಇಷ್ಟು ವರ್ಷದಲ್ಲಿ ಅವನ ಬೋಳುತಲೆಯನ್ನು ನಾನು ಕಂಡದ್ದು ಅಂದೇ. "ಆಮೇಲೆ ಮನೆಗೆ ಹೋಗಿ ತಿಂತೀನಿ," ಎಂದ.

"ಇಲ್ಲೇ ತಿನ್ನು."

ಅವನು ಒಂದೊಂದೇ ಕಾಯಿ ಬಿಡಿಸಿ, ಕಾಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದ. ಕಣ್ಣು ಮುಚ್ಚಿದ್ದ. ಎಲ್ಸಿ ಬೇಲಿಗೆ ಮೊಣಕೈ ಊರಿ ಕೊನೆಯ ಕಾಳಿನವರೆಗೂ ನಿಂತಿದ್ದಳು. ಮುಗಿದ ಮೇಲೆ ಖಾಲಿ ಸಿಪ್ಪೆಗಳನ್ನು ಎಣಿಸಿ ತಟ್ಟೆಗೆ ಹಾಕಿಕೊಂಡಳು.

"ಜೇಬು ತೋರ್ಸು," ಎಂದಳು.

ರಟರ್ ನಗುತ್ತಾ ಎರಡೂ ಜೇಬು ಹೊರಗೆಳೆದು ತೋರಿಸಿದ.